ಕಾಲಪಿಟೀಲಿನ ಕಾಕಾ

ಹೋದ ವಾರ ಬನಹಟ್ಟಿಯಲ್ಲಿ ಮಗ್ಗದ ಬೆಲ್ಟ್ ಮಾರುವ ಅಂಗಡಿಯೊಂದಕ್ಕೆ ಹೋಗಿದ್ದೆ. ಬೆಲ್ಟ್ ಕೊಳ್ಳಲಿಕ್ಕಲ್ಲ. ಅಂಗಡಿಯವನಿಗೆ ಟಂಟಂ ಮೇಲೆ ಮೈಕು ಕಟ್ಟಿ ಊರೆಲ್ಲ ಕೂಗಿಸಲು ಒಂದು ಜಾಹೀರಾತು ಬೇಕಾಗಿತ್ತು. ನೇಕಾರ, ಅವನ ಹೆಂಡತಿ, ಅವನ ಮುದುಕ ಅಪ್ಪ, ಎಲ್ಲರೂ ಸೇರಿ ಬೆಲ್ಟಿನ ಗುಣಗಾನ ಮಾಡುವಂಥದ್ದು. ಎಲ್ಲರೂ ನಾನೇ. ನನ್ನ ಹೊಟ್ಟೆಪಾಡು ಅದು. ನಾನು ಹೆಂಡತಿಯ ದನಿಯಲ್ಲಿ ಒಂದು ಸಾಲು ಹೇಳಿ ತೋರಿಸುತ್ತಿದ್ದಾಗ ಅವನು ತಿರುಗುವ ಬೆಲ್ಟಿಗೆ ಹಳದಿ ಗಟ್ಟಿಯೊಂದನ್ನು ಹಿಡಿದ. ಬೆಲ್ಟು ಜಾರದಿರಲೆಂದು ತಿಕ್ಕುವ ರಾಳ. ಬಿಸಿಗೆ ತಾಗಿದ್ದೇ ವಾಸನೆ ಎದ್ದಿತು… ಧೂಪಕ್ಕೆ ಹತ್ತಿರದ್ದು, ಆದರೆ ದೇವರಿಲ್ಲದ ಧೂಪ.

ನನ್ನ ಬಾಯಲ್ಲಿದ್ದ ನೇಕಾರನ ಹೆಂಡತಿ ಅರ್ಧಕ್ಕೇ ನಿಂತಳು.

"ಏನಾತಲೇ? ಗಂಟಲ ಹಿಡೀತೇನ?" ಅಂಗಡಿಯವನು ಅನುಮಾನದಿಂದ ನೋಡಿದ.

ಗಂಟಲು ಸರಿಯಿತ್ತು. ಆದರೆ ಆ ವಾಸನೆ ನನಗೆ ಬೆಲ್ಟಿನದಾಗಿರಲಿಲ್ಲ. ಜಮಖಂಡಿಯ ನಮ್ಮ ಓಣಿಯಲ್ಲಿ, ಎದುರುಮನೆ ಕಾಕಾನ ಕೈಯಲ್ಲಿದ್ದ, ತಂತಿ ವಾದ್ಯ ಬಾರಿಸುವ ಬಿಲ್ಲಿನದಾಗಿತ್ತು.

ಕಾಕಾ ಬ್ಯಾಂಕಿನಲ್ಲಿ ತಪಾಸಣೆ ಅಧಿಕಾರಿಯಾಗಿದ್ದು ನಿವೃತ್ತರಾದವರು. ಊರೂರು ತಿರುಗಿ ಮಂದಿಯ ಕೆಲಸದಲ್ಲಿ ತಪ್ಪು ಹುಡುಕುವುದೇ ಅವರ ನೌಕರಿಯಾಗಿತ್ತು. ಅವರಿಗೆ ನಿವೃತ್ತಿ ಸಿಕ್ಕಿತು, ಅವರ ಅನುಮಾನಕ್ಕೆ ಸಿಗಲಿಲ್ಲ. ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟು ನೋಡುತ್ತಿದ್ದರು; ಹಾಲು ಸರಿ ಅಂತ ಬಂದರೆ ಲ್ಯಾಕ್ಟೋಮೀಟರಿನ ಮೇಲೆ ಅನುಮಾನ. ಕಲ್ಲಂಗಡಿಯನ್ನು ಬಾರಿಸಿ, ಮಾರುವವನ ಮುಖ ನೋಡಿ, ಮತ್ತೆ ಕಲ್ಲಂಗಡಿ ಬಾರಿಸುತ್ತಿದ್ದರು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮದುವೆ ಆಗಿರಲಿಲ್ಲ. ಯಾಕೆ ಅಂತ ನಮ್ಮವ್ವ ಒಮ್ಮೆ ಕೇಳಿಯೇಬಿಟ್ಟಿದ್ದಳು. "ಜಾತಕದ ಮ್ಯಾಲ ನಂಬಿಕಿ ಬರಲಿಲ್ಲ ನೋಡವಾ. ನಮ್ಮ ಅಜ್ಜಾನ ಬರದಿದ್ದ. ಹೆಂಗ ನಂಬಲಿ?" ಅಂದಿದ್ದರು.

ಅಂಥವರ ಪಾಲಿಗೆ ನಾನೊಂದು ನಡೆದಾಡುವ ಅನುಮಾನ. ನಮ್ಮದು ಬೀರಪ್ಪನ ಒಕ್ಕಲು. ಅಪ್ಪ ಹುನ್ನೂರ ಕಡೆ ಕುರಿ, ಹೊಲ ನೋಡಿಕೊಂಡಿದ್ದವನು. ಮನೆಯಲ್ಲಿ ವಾದ್ಯ ಅಂದರೆ ಡೊಳ್ಳು. ನಾನು ಬಾಯನ್ನೇ ವಾದ್ಯ ಮಾಡಿಕೊಂಡು ಆರ್ಕೆಸ್ಟ್ರಾ ಸೇರಿದೆ. ಕಂಡಕ್ಟರನ ದನಿ, ಮಾಸ್ತರರ ದನಿ, ನಮ್ಮವ್ವನ ದನಿ, ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನಿಂತು ನನ್ನನ್ನೇ ಅಣಕಿಸುವುದು. ನಿನ್ನ ಖರೆ ದನಿ ಯಾವುದೋ ಅಂತ ಯಾರಾದರೂ ಕೇಳಿದರೆ, ಕಿಸೆಯಲ್ಲಿ ಚಾವಿ ಹುಡುಕುವವನ ಹಾಗೆ ತಡಕಾಡುತ್ತಿದ್ದೆ. ಒಂದು ಮುಂಜಾನೆ ಹಾಲಿನವನ ದನಿಯಲ್ಲಿ ಕಾಕಾನ ಬಾಗಿಲು ಬಡಿದೆ. ಪಾತೇಲಿ ಹಿಡಿದು ಬಂದರು. ನಿಂತಿದ್ದವನು ನಾನು. ಅವತ್ತಿನಿಂದ ಖರೆ ಹಾಲಿನವನಿಗೂ ಪರೀಕ್ಷೆ ಶುರುವಾಯಿತು.

"ಯಾರದು?"

"ಹಾಲರೀ."

"ಖರೆ ಹಾಲಿನಾಂವ ಆಗಿದ್ರ ನಿನ್ನ ಕರಿ ಎಮ್ಮಿ ಯಾವಾಗ ಈದೇತಿ, ಹೇಳು."

"ಕರಿ ಎಮ್ಮಿ ಅಂದ್ರ ಯಾವದ್ರೀ ಕಾಕಾ? ಎಲ್ಲಾ ಎಮ್ಮೀನೂ ಕರೀನ ಇರತಾವಲ್ರೀ!"

ಇಂಥ ಉತ್ತರ ನನ್ನ ಬಾಯಿಂದ ಮಾತ್ರ ಬರಬಲ್ಲದು ಅಂತ ಅವರ ತೀರ್ಮಾನ. ಹಾಲು ಅವತ್ತು ವಾಪಸ್ಸು ಹೋಯಿತು. ಕಾಕಾ ಕರಿ ಚಹಾ ಕುಡಿದರು.

ಆರ್ಕೆಸ್ಟ್ರಾದ ಪಿಟೀಲಿನವನು ಕೆಲಸ ಬಿಟ್ಟಾಗ ಅವನ ಹಳೇ ಪಿಟೀಲು ನನ್ನ ಕೈಗೆ ಬಂದಿತ್ತು. ಅದರಲ್ಲೂ ನಾನು ಮಾಡಿದ್ದು ಅಣಕವನ್ನೇ. ಕತ್ತೆ, ಅಂಬುಲೆನ್ಸು, ಎಣ್ಣೆ ಕಾಣದ ಬಾಗಿಲು, ಕೊನೆಗೆ ಕಾಕಾ. "ಯಾರದು? ಖರೆನ?" ಎನ್ನುವುದನ್ನು ತಂತಿಯ ಮೇಲೆ ಎಳೆದು ಬೀಳಗಿಯ ವೇದಿಕೆಯಲ್ಲಿ ಬಾರಿಸಿದೆ. ಕಾಕಾನನ್ನು ಕಂಡಿರದ ಮಂದಿಯೂ ಬಿದ್ದು ಬಿದ್ದು ನಕ್ಕರು. ಎಲ್ಲ ಊರಿನಲ್ಲೂ ಅಂಥ ಕಾಕಾ ಒಬ್ಬರು ಇರುತ್ತಾರೆ ಅಂತ ಕಾಣುತ್ತದೆ. ಮಾಳಿಗೆಯ ಮೇಲೆ ಅದನ್ನೇ ಮತ್ತೊಮ್ಮೆ ಬಾರಿಸುತ್ತಿದ್ದಾಗ ಕೆಳಗೆ ಬಾಗಿಲು ಬಡಿದ ಸಪ್ಪಳ. ಕಾಕಾ. ಇವತ್ತು ಜಗಳವೇ ಅಂದುಕೊಂಡು ಇಳಿದೆ.

"ಆ 'ಖರೆನ' ಅನ್ನೋದರಾಗ ನಿಂದು ಎರಡನೇ ಸ್ವರ ಇಳೀತೈತಿ," ಅಂದರು. "ನಾ ಹಂಗ ಇಳಸಂಗಿಲ್ಲ. ಕಿವಿ ಐತಿ ನಿನಗ. ಓದಾಕ ಬರತೈತೇನ ಸ್ವರ?"

ಬರುವುದಿಲ್ಲ ಅಂದೆ. "ಗೊತ್ತಿತ್ತು," ಅಂತ ಹೋದರು. ಬೈಯದೇ ಹೋದರಲ್ಲ, ನನಗೆ ದೊಡ್ಡ ಅನುಮಾನ ಶುರುವಾಯಿತು.

ಅದಾದ ಸ್ವಲ್ಪ ದಿನಕ್ಕೆ ಮಿರಜದಿಂದ ಆ ಪೆಟ್ಟಿಗೆ ಬಂತು. ಬಸ್ಸಿನ ಟಪ್ಪಿನ ಮೇಲಿಂದ ಇಳಿಸಿ ಕೈಗಾಡಿಯಲ್ಲಿ ತಂದರು. ಉದ್ದಕ್ಕಿತ್ತು, ಒಂದು ಕಡೆ ಅಗಲವಾಗಿತ್ತು, ಮೇಲೆ ಕರಿ ಅರಿವೆ ಹೊದಿಸಿತ್ತು. ಓಣಿ ಬಾಗಿಲಿಗೆ ಬಂತು. ಬಂದೂಕು ಅಂದರು ಕೆಲವರು. ತೇರದಾಳದ ಕಡೆಯ ಯಾವುದೋ ಹಳೇ ಮೂರ್ತಿ ಇರಬೇಕು, ಇಂಥ ಸಂಭಾವಿತರೇ ಕಳವಿನ ಧಂದೆ ಮಾಡುವುದು ಅಂದರು ಇನ್ನು ಕೆಲವರು. ನಮ್ಮವ್ವ ಮಾತ್ರ, "ಮಿರಜಕ್ಕ ದವಾಖಾನಿಗೆ ಹೋಗಿದ್ದರಲ್ಲೋ… ಯಾರದರೇ ಹೆಣಾ ತಂದಾರೇನ?" ಅಂತ ಸೆರಗು ಬಾಯಿಗೆ ಹಿಡಿದಳು.

ದವಾಖಾನೆಗೆ ಹೋಗಿದ್ದು ಖರೆ. ಎಡಭುಜ ಬಿಗಿದುಕೊಂಡು ಕೈ ಮೇಲಕ್ಕೆ ಏಳದಂತಾಗಿತ್ತು. ಇನ್ನು ಗದ್ದದ ಕೆಳಗೆ ಪಿಟೀಲು ಹಿಡಿಯುವುದು ಸಾಧ್ಯವಿಲ್ಲ ಅಂತ ಡಾಕ್ಟರು ಹೇಳಿದ್ದರು. ಕಾಕಾ ಪಿಟೀಲು ಬಾರಿಸುತ್ತಿದ್ದರು ಎನ್ನುವುದೇ ನಮಗೆ ಅವತ್ತು ಗೊತ್ತಾಗಿದ್ದು. ದವಾಖಾನೆಯಿಂದ ಸೀದಾ ಮಿರಜದ ತಂಬೂರಿ ಮಾಡುವವರ ಓಣಿಗೆ ಹೋಗಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಇಂಥದ್ದು ಮಾಡಿಕೊಡು ಅಂದಿದ್ದರಂತೆ. ಆ ವಾದ್ಯದ ಹೆಸರು ವಿಯೋಲಾ ದ ಗಾಂಬಾ. ಗಾಂಬಾ ಅಂದರೆ ಕಾಲು. ಎರಡು ಮೊಣಕಾಲಿನ ನಡುವೆ ಇರುಕಿಕೊಂಡು ಕೂತು ಬಾರಿಸುವುದು. ಭುಜ ಎತ್ತುವ ಕೆಲಸವಿಲ್ಲ. ಪಿಟೀಲಿಗಿಂತ ತಂತಿ ಹೆಚ್ಚು, ದನಿ ತಗ್ಗು. ಕುತ್ತಿಗೆಯ ಮೇಲೆ ಸಿತಾರಿಗೆ ಇರುವ ಹಾಗೆ ಸುತ್ತಿ ಬಿಗಿದ ಮೆಟ್ಟಿಲುಗಳು. ಅದನ್ನು ಕಂಡಿದ್ದೇ ಮಿರಜದವನಿಗೆ ಧೈರ್ಯ ಬಂದು, ಇದು ನಮ್ಮ ಪೈಕಿನೇ ಅಂದನಂತೆ. ತುದಿಯಲ್ಲಿ ಯಾವುದೋ ದೊರೆಸಾನಿಯ ತಲೆ ಕೆತ್ತಬೇಕಾದಲ್ಲಿ ನವಿಲು ಕೂರಿಸಿ, ಹೊಟ್ಟೆಗೆ ಹೂಬಳ್ಳಿ ಬಿಡಿಸಿ ಕಳಿಸಿದ್ದ. ಓಣಿ ಅದಕ್ಕೆ ಕಾಲಪಿಟೀಲು ಅಂತ ಹೆಸರಿಟ್ಟಿತು. ಮೂರ್ತಿ ಅಲ್ಲ ಅಂತ ಗೊತ್ತಾಗಿ ಬಹಳ ಮಂದಿಗೆ ಬೇಜಾರಾಯಿತು.

ಅದಕ್ಕೆ ಜೋಡಿಯಾಗಿ ಒಂದು ಪಿಟೀಲು ಬೇಕಾಗಿತ್ತು. ನನ್ನನ್ನು ಬೈಯದೇ ಬಿಟ್ಟ ಕಾರಣ ಆಗ ತಿಳಿಯಿತು.

ಕಾಕಾನ ಅಪ್ಪ ಸಂಸ್ಥಾನದ ಕಾಲದಲ್ಲಿ ಬ್ಯಾಂಡ್ ಮಾಸ್ತರರಾಗಿದ್ದರು. ಅವರ ಟ್ರಂಕಿನಲ್ಲಿ ಹಳೇ ಸ್ವರದ ಹಾಳೆಗಳ ಕಟ್ಟು ಉಳಿದಿತ್ತು. ಯುರೋಪಿನಲ್ಲಿ ಮುನ್ನೂರು ವರ್ಷದ ಹಿಂದೆ ಬರೋಕ್ ಅನ್ನುವ ಕಾಲದಲ್ಲಿ ಬರೆದದ್ದು, ಎರಡು ಪಿಟೀಲಿಗೆ ಮಾತ್ರ. ತಬಲಾ ಇಲ್ಲ, ತಂಬೂರಿ ಇಲ್ಲ, ಇಬ್ಬರೇ. ಒಬ್ಬೊಬ್ಬರಿಗೆ ಒಂದೊಂದು ಬೇರೆ ಹಾಳೆ. ಮೊದಲನೆಯವನ ಹಾಳೆಯಲ್ಲಿ ಎರಡನೆಯವನ ಸುದ್ದಿ ಇರುವುದಿಲ್ಲ. ಕಾಕಾ ಮೊದಲ ಪಿಟೀಲಿನ ಹಾಳೆಯನ್ನು ನನ್ನ ಮುಂದಿಟ್ಟರು. ತಾವು ಎರಡನೆಯದನ್ನು ಕಾಲಪಿಟೀಲಿನ ಮೇಲೆ, ಒಂದು ಸಪ್ತಕ ಕೆಳಗೆ ಬಾರಿಸುವುದಾಗಿ ಹೇಳಿದರು.

ಜಗತ್ತಿನಲ್ಲಿ ಯಾರನ್ನೂ ನಂಬದ ಮನುಷ್ಯ ನನಗೆ ಮೊದಲನೆಯದನ್ನು ಕೊಟ್ಟು ತಾನು ಎರಡನೆಯದಕ್ಕೆ ಕೂತರೆ ನಂಬುವುದು ಹೇಗೆ? ಎಲ್ಲೋ ಸಿಗಿಸುವ ಹುನ್ನಾರ ಅಂದುಕೊಂಡೇ ಪಿಟೀಲು ಎತ್ತಿದೆ.

ಓದಲು ಬಾರದ ನನಗೆ ಅವರು ಬಾಯಲ್ಲಿ ಹಾಡಿ ತೋರಿಸುತ್ತಿದ್ದರು, ನಾನು ಅಣಕಿಸುತ್ತಿದ್ದೆ. ಬಹಳ ಕಡೆ ಆ ರಚನೆ ಕೂಡ ಅದನ್ನೇ ಮಾಡುತ್ತಿತ್ತು. ಮೊದಲನೆಯವನು ಒಂದು ಮಾತು ಹೇಳುತ್ತಾನೆ. ಅದು ಮುಗಿಯುವುದರೊಳಗೆ ಎರಡನೆಯವನು ಹಿಂದಿನಿಂದ ಅದೇ ಮಾತನ್ನು ಎತ್ತಿಕೊಂಡು ಚೇಷ್ಟೆ ಮಾಡುತ್ತಾನೆ. ನನಗೆ ಕುಣಿಯುವಷ್ಟು ಖುಷಿ. "ಕಾಕಾ, ಆ ಪುಣ್ಯಾತ್ಮರೂ ನಮ್ಮ ಮಿಮಿಕ್ರಿ ಮಂದೀನ ಬಿಡ್ರಿ!" ಅಂದೆ. "ಅಣಕಿಸಿದಮ್ಯಾಲ ತಮ್ಮ ದಾರಿ ತಾವು ಹಿಡೀತಾರ. ನೀ ಹಿಡಿಯಂಗಿಲ್ಲ. ನನ್ನ ಬೆನ್ನ ಹತ್ತಿ ಬರತಿ," ಅಂದರು. ಖರೆ. ಅವರ ದನಿ ಕೇಳಿದರೆ ನನ್ನ ಬೆರಳು ತನ್ನ ಹಾಡು ಬಿಟ್ಟು ಅದರ ಹಿಂದೆ ಓಡುತ್ತಿತ್ತು.

ಪಿಟೀಲಿಗೆ ಬರೆದದ್ದು ಕಾಲಪಿಟೀಲಿಗೆ ಒಗ್ಗುತ್ತದೋ ಇಲ್ಲವೋ ಅಂತ ಕಾಕಾ ಒಂದೊಂದನ್ನೇ ತಪಾಸಣೆ ಮಾಡಿದರು. ಅವರ ಜನ್ಮದಲ್ಲೇ ಇಷ್ಟು ಖುಷಿಯ ತಪಾಸಣೆ ಮಾಡಿರಲಿಕ್ಕಿಲ್ಲ. ಕುಣಿಯುವಂಥ ತುಣುಕುಗಳು ಛಲೋ ಒಗ್ಗಿದವು. ಪಿಟೀಲಿನ ಎರಡು ತಂತಿಯನ್ನು ಒಟ್ಟಿಗೆ ತಿಕ್ಕುವ ಜಾಗಗಳು ಒಗ್ಗಲಿಲ್ಲ. ಇದರ ತಂತಿಗಳ ಅಂತರವೇ ಬೇರೆ, ಬೆರಳು ಗಂಟು ಬೀಳುತ್ತಿತ್ತು. ತೀರ ತಗ್ಗಿಗೆ ಹೋದರೆ ಸ್ವರಗಳು ಕಡಾಯಿ ತಳದ ಬೆಲ್ಲದ ಹಾಗೆ ಅಂಟಿಕೊಳ್ಳುತ್ತಿದ್ದವು. ಬಿಲ್ಲನ್ನು ಕೆಳಗಿನಿಂದ, ಪ್ರಸಾದಕ್ಕೆ ಕೈ ಒಡ್ಡಿದ ಹಾಗೆ ಹಿಡಿಯಬೇಕಾಗಿತ್ತು. ಆ ಮನುಷ್ಯ ಕೈ ಒಡ್ಡಿದ್ದನ್ನು ಓಣಿ ಕಂಡದ್ದು ಆಗ ಮಾತ್ರ…

ಒಂದು ನಿಧಾನದ ತುಣುಕಿತ್ತು. ಅದರ ಒಂದು ಜಾಗದಲ್ಲಿ ನಾವಿಬ್ಬರೂ ಪ್ರತಿ ಸಲ ಎಡವುತ್ತಿದ್ದೆವು. ನಾನು ಒಂದು ಸ್ವರ ಹಿಡಿದು ನಿಲ್ಲುತ್ತಿದ್ದೆ, ಅವರ ಸ್ವರ ಬಂದು ಸೇರುತ್ತಿತ್ತು, ಸೇರಿದ್ದೇ ಎರಡೂ ನೆಲ ಸಿಗದೆ ತೂಗಾಡುತ್ತಿದ್ದವು.

"ತಪ್ಪು," ಅನ್ನುತ್ತಿದ್ದರು. "ನಿಂದು."

"ನಂದಲ್ರೀ. ನಿಮ್ಮ ಮೆಟ್ಟಲಾ ಸರದೇತಿ."

ಅವರಿಗೆ ಅದೂ ಅನುಮಾನ. ಮೆಟ್ಟಿಲುಗಳನ್ನು ಬಿಚ್ಚಿ ಹಿಪ್ಪರಗಿಯ ಮೀನುಗಾರರ ಗಾಳದ ದಾರ ತರಿಸಿ ಹೊಸದಾಗಿ ಕಟ್ಟಿದರು. ಫೋನಿನಲ್ಲಿ ಸ್ವರ ಅಳೆದರು. ಆಮೇಲೆ ಫೋನಿನ ಮೇಲೆ ಅನುಮಾನ. ನಾನು ಬೇಕಂತಲೇ ಮಾಡುತ್ತಿದ್ದೇನೆ ಅಂತ ಅವರು, ಅವರು ಬೇಕಂತಲೇ ನನ್ನ ಹೆಸರು ಹೇಳುತ್ತಿದ್ದಾರೆ ಅಂತ ನಾನು. ಅದೇ ತುಣುಕನ್ನು ಬಿಟ್ಟು ಮುಂದೆ ಹೋಗೋಣ ಅಂದರೆ ಒಪ್ಪುತ್ತಿರಲಿಲ್ಲ. ಅದೊಂದೇ ಯಾಕೆ ಅಂತ ಹೇಳುತ್ತಲೂ ಇರಲಿಲ್ಲ.

ಕೊನೆಗೆ ನನ್ನ ಧಂದೆಯ ಬುದ್ಧಿ ಓಡಿತು. ನನ್ನ ಪಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ಹಚ್ಚಿಟ್ಟು, ಕೇಳಿ ಕೇಳಿ ಕಿವಿಗೆ ಹತ್ತಿದ್ದ ಕಾಕಾನ ಪಾಲನ್ನು, ಅಂದರೆ ಎರಡನೆಯದನ್ನು, ಪಿಟೀಲಿನ ಮೇಲೆ ಅದರ ಮೂಲ ಎತ್ತರದಲ್ಲೇ ಬಾರಿಸಿದೆ. ತಪ್ಪು ಅವರದೇ ಅಂತ ಸಾಬೀತು ಮಾಡುವ ಹುರುಪು. ಆ ಜಾಗ ಬಂತು. ತೂಗಾಡಲಿಲ್ಲ. ಫೋನಿನೊಳಗಿನ ನಾನು ಒಂದು ಸ್ವರ ಹಿಡಿದು ನಿಂತಿದ್ದಾಗ, ಎರಡನೇ ಪಿಟೀಲು ಕೆಳಗಿನಿಂದ ಎದ್ದು, ಮೊದಲನೆಯದನ್ನು ದಾಟಿ, ಅದರ ತಲೆಯ ಮೇಲೆ ಹೋಗಿ ನಿಂತಿತು. ಎಷ್ಟು ಚೆಂದಿತ್ತು ಅಂದರೆ, ನಾನೇ ಬಾರಿಸಿದ್ದು ಅಂತ ನನಗೇ ನಂಬಿಕೆ ಬರಲಿಲ್ಲ.

ತಪ್ಪು ಇಬ್ಬರದೂ ಆಗಿರಲಿಲ್ಲ. ಅಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಮೇಲೆ ಏರಬೇಕು ಅಂತಲೇ ಬರೆದಿದ್ದರು. ಕಾಲಪಿಟೀಲು ಅದನ್ನು ಒಂದು ಸಪ್ತಕ ಕೆಳಗೆ ಎಳೆದಾಗ, ಮಾಳಿಗೆಯ ತೊಲೆಯನ್ನು ಅಡಿಪಾಯಕ್ಕೆ ಹಾಕಿದ ಹಾಗೆ ಆಗುತ್ತಿತ್ತು.

"ನೋಡ್ರಿ!" ಅಂತ ಕುಣಿದೆ. ಕಾಕಾ ಕುಣಿಯಲಿಲ್ಲ. ಬಿಲ್ಲಿನ ಕೂದಲನ್ನು ಸಡಿಲ ಮಾಡಿದರು, ಬಿಗಿ ಮಾಡಿದರು, ಮತ್ತೆ ಸಡಿಲ ಮಾಡಿದರು.

"ಇದು ಆಕೀ ಪಾಲು," ಅಂದರು.

ಆಕೆ ಅಂದರೆ ಅವರ ತಂಗಿ. ಮುಧೋಳದಲ್ಲಿ ಸಾಲಿ ಮಾಸ್ತರಿಣಿಯಾಗಿದ್ದು ಅಲ್ಲೇ ನೆಲೆ ನಿಂತವರು. ಅಪ್ಪ ಇಬ್ಬರಿಗೂ ಪಿಟೀಲು ಕಲಿಸಿದ್ದರು. ಅಣ್ಣ ದೊಡ್ಡವನು, ಅದಕ್ಕೆ ಮೊದಲನೆಯದು. ತಂಗಿ ಸಣ್ಣವಳು, ಅದಕ್ಕೆ ಎರಡನೆಯದು. ಆ ಜಾಗ ಬಂದಾಗಲೆಲ್ಲ ತಂಗಿಯ ಸ್ವರ ತನ್ನ ಮೇಲೆ ಬಂದು ಚುಚ್ಚಿದಂತಾಗಿ, ಎರಡನೆಯದು ಎರಡನೆಯದರ ಹಾಗಿರಬೇಕು, ಸಣ್ಣಗೆ ಬಾರಿಸು ಅನ್ನುತ್ತಿದ್ದರು. ಆಕೆ ಸಣ್ಣ ಮಾಡುತ್ತಿದ್ದಳು. ಅಪ್ಪನ ವರ್ಷಾಂತಿಕದ ದಿನ, ನೆಂಟರೆಲ್ಲ ಕೂತಿದ್ದಾಗ, ಆಕೆ ಒಮ್ಮೆ ಸಣ್ಣ ಮಾಡಲಿಲ್ಲ. ಕಾಕಾ ಬಿಲ್ಲು ನಿಲ್ಲಿಸಿ, ಎಲ್ಲರೆದುರಿಗೆ "ತಪ್ಪು" ಅಂದರು. ಆಕೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಎದ್ದು ಹೋದಳು. ಮಾತು ಬಿಟ್ಟಿರಲಿಲ್ಲ; ಬರೀ ಮಾತಾಡುತ್ತಿರಲಿಲ್ಲ. ವರ್ಷಗಳು ಹಾಗೇ ಹೋದವು…

"ಅವಾಗ ಆಕೀ ಹಾಳಿ ನಾ ಒಂದ ಸಲಾನೂ ನೋಡಿದ್ದಿಲ್ಲೋ," ಅಂದರು ಕಾಕಾ. "ಊರ ಮಂದೀದೆಲ್ಲಾ ನೋಡೀನಿ."

ಆ ಮಾತನ್ನು ತಂಗಿಗೆ ಹೇಳಬೇಕಾಗಿತ್ತು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಆದರೆ ಫೋನ್ ಹಿಡಿದರೆ ನಾಲಿಗೆ ಏಳುತ್ತಿರಲಿಲ್ಲ. ಆಗ ಅವರಿಗೊಂದು ವಿಚಾರ ಬಂತು. ನನ್ನ ಮಿಮಿಕ್ರಿಗೆ ಹೇಸುತ್ತಿದ್ದ ಮನುಷ್ಯ, ಬಾಗಿಲು ಹಾಕಿಕೊಂಡು, "ನೀ ಆಕೀ ದನಿ ಮಾಡು. ನಾ ಹೇಳೋದನ್ನ ರೂಢಿ ಮಾಡ್ಕೋತೇನಿ," ಅಂದರು. ಕಲಿಸಿದವರೂ ಅವರೇ. "ದನಿ ಮೂಗಿನಾಗಿಂದ ಬರತೈತಿ. ಮಾತ ಮಾತಿಗೆ 'ಹೋ ಕಾ?' ಅಂತಾಳ. ಹೌದೇನ ಅಂತ ಅರ್ಥ ಅಲ್ಲ ಅದು, ಸುಳ್ಳ ಹೇಳಬ್ಯಾಡ ಅಂತ."

ದಿನಾ ಸಂಜೆ ನಾನು ತಂಗಿಯಾದೆ.

"ಅವತ್ತ ನಂದ ತಪ್ಪಾತು."

"ಹೋ ಕಾ?" ಮೂಗಿನಿಂದ ನಾನು. "ಇಷ್ಟ ವರ್ಷ ಆದಮ್ಯಾಲ ಈಗ ಯಾಕ ಹೇಳಾಕತ್ತಿ ದಾದಾ? ಏನ ಬೇಕಾಗೇತಿ ನಿನಗ?"

ಕಾಕಾ ತಬ್ಬಿಬ್ಬಾದರು. "ಇದನ್ನ ಯಾರ ಹೇಳಕೊಟ್ರಲೇ ನಿನಗ?"

"ಯಾರೂ ಇಲ್ರೀ. ನಿಮ್ಮ ತಂಗಿ ಅಂದಮ್ಯಾಲ ಅನುಮಾನ ಇರಬೇಕಲ್ರೀ."

ಮುಧೋಳದಿಂದ ಬಂದಿದ್ದ ನೆಂಟರೊಬ್ಬರ ಕೈಯಲ್ಲಿ, ದಾದಾಗ, ಅಂದರೆ ಅಣ್ಣನಿಗೆ, ಏನೋ ಮಾತಾಡುವುದಿದೆ ಅಂತ ತಂಗಿಗೆ ಹೇಳಿಯೂ ಕಳಿಸಿದರು. ನಾನೂ ಆಗೀಗ ಮನೆಯಿಂದಲೇ, ಸಿಕ್ಕವರ ಫೋನಿನಿಂದ ಕರೆ ಮಾಡಿ, ತಂಗಿಯ ದನಿಯಲ್ಲಿ ಸತಾಯಿಸುತ್ತಿದ್ದೆ. ಅದೂ ರೂಢಿಯ ಲೆಕ್ಕದಲ್ಲೇ. ಒಂದು ಮಧ್ಯಾಹ್ನ ನಮ್ಮವ್ವ ಕೊಟ್ಟ ಮಜ್ಜಿಗೆ ತಂಬಿಗೆ ಹಿಡಿದು ಅವರ ಹೊಸ್ತಿಲು ದಾಟುತ್ತಿದ್ದೆ. ಕಾಕಾ ನನಗೆ ಬೆನ್ನು ಹಾಕಿ ಫೋನಿನಲ್ಲಿ ನಗುತ್ತಿದ್ದರು.

"ಸಾಕ ಮಾಡಲೇ ಮಂಗ್ಯಾ! ಇವತ್ತ ಒಟ್ಟ ಬರವಲ್ದ ನಿನಗ. ಆಕಿ ಇಷ್ಟ ಮೆತ್ತಗ ಎಲ್ಲೆ ಮಾತಾಡತಾಳ? ಫೋನ್ ಇಡು."

ತಾವೇ ಇಟ್ಟು ತಿರುಗಿದರು. ಬಾಗಿಲಲ್ಲಿ ನಾನು, ಎರಡೂ ಕೈಯಲ್ಲಿ ತಂಬಿಗೆ.

ನನ್ನ ಬಾಯಿ ನೋಡಿದರು, ಫೋನ್ ನೋಡಿದರು.

"ಹಂಗಾದ್ರ… ಅದ ಯಾರು?"

ನಾನು ತಂಬಿಗೆ ಕೆಳಗಿಟ್ಟೆ.

"ಎಷ್ಟ ಮೆತ್ತಗ ಮಾತಾಡಿದಳಲ್ಲೋ…" ಅಂದರು.

ತಿರುಗಿ ಹಚ್ಚಿದರೆ ಅದು ಮುಧೋಳದ ತಂಗಿಯ ಪಕ್ಕದ ಮನೆಯವರ ನಂಬರು. ಸಾಲಿ ಬಾಯಾರು ಹೊರಟು ಹೋದರು, ಯಾಕೋ ಕಣ್ಣು ಒರೆಸಿಕೊಳ್ಳುತ್ತಿದ್ದರು ಅಂದರು ಆ ಕಡೆಯವರು. ಕಾಕಾ ಆಗಲೇ ಪೆಟ್ಟಿಗೆಗೆ ಹಗ್ಗ ಬಿಗಿಯಲು ಕೂತರು. ನಾನು ಓಡಿ ಹೋಗಿ ನನ್ನ ಪಿಟೀಲು ತಂದೆ.

ಮುಧೋಳದ ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯನ್ನೂ ನಮ್ಮಿಬ್ಬರನ್ನೂ ನೋಡಿ, "ಒಳಗಿನವರು ಎಲ್ಲಿ ಇಳೀತಾರರೀ?" ಅಂದ. ಬೇರೆ ದಿನವಾಗಿದ್ದರೆ ಅವನ ದನಿಯಲ್ಲೇ ಅವನಿಗೆ ಉತ್ತರ ಕೊಡುತ್ತಿದ್ದೆ. ಕಾಕಾ ದಾರಿಯುದ್ದಕ್ಕೂ ತುಟಿ ಆಡಿಸುತ್ತ ತಮ್ಮ ಮಾತನ್ನು ರೂಢಿ ಮಾಡುತ್ತಿದ್ದರು. ಮನೆಯ ಅಂಗಳದಲ್ಲಿ ಒಂದು ತೆಳ್ಳನೆಯ ಮುಧೋಳ ನಾಯಿ ಎದ್ದು ಬಂತು. ಬೊಗಳಲಿಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಮೂಸಿ, ಕಾಕಾನ ಮುಖ ನೋಡಿ ಕೂತಿತು. ಆ ಮನೆಯಲ್ಲಿ ನಾಯಿಗೂ ಅದೇ ವಂಶದ ಗುಣ.

ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಕನ್ನಡಕ.

"ಮನಿ ಮಾರಾಕತ್ತೀ? ಸಹಿ ಬೇಕೇನು?"

"ಇಲ್ಲ."

"ಹೋ ಕಾ? ಪೆಟಿಗ್ಯಾಗ ಏನೈತಿ?"

"ಪಿಟೀಲು. ಕಾಲಾಗ ಇಟ್ಕೊಂಡ ಬಾರಸೋದು."

"ಇಂವ ಯಾರು?"

ಕಾಕಾ ನನ್ನತ್ತ ನೋಡಿದರು. ಸುಳ್ಳು ಹೇಳಲು ಬಾರದ ಮನುಷ್ಯ. "ಇಂವ… ಇಷ್ಟ ದಿವಸ ನೀನಾಗಿದ್ದ," ಅಂದರು.

ಅದೇನು ತಿಳಿಯಿತೋ, ಸರಪಳಿ ಬಿಚ್ಚಿಕೊಂಡಿತು. ನಾನು ಅವರನ್ನು ಅವತ್ತಿನಿಂದ ಮರಾಠಿಯಲ್ಲಿ ಅತ್ತೆಗೆ ಅನ್ನುವ ಹಾಗೆ ಆತ್ಯಾ ಅಂತಲೇ ಕರೆದೆ. ಚಹಾ ಬಂತು. ಕಾಕಾ ರೂಢಿ ಮಾಡಿದ್ದ ಮಾತು ಬರಲಿಲ್ಲ. ಅವರ ದನಿಯಲ್ಲಿ ನಾನೇ ಹೇಳಿಬಿಡಲೇ ಅಂತ ನನ್ನ ಬಾಯಿ ತುರಿಸಿತು. ಅಷ್ಟರಲ್ಲಿ ಅವರು ಪೆಟ್ಟಿಗೆ ಬಿಚ್ಚಿ, ಕಾಲಪಿಟೀಲನ್ನು ಮೊಣಕಾಲ ನಡುವೆ ಹಿಡಿದು, ಬಿಲ್ಲಿಗೆ ರಾಳ ತಿಕ್ಕಿದರು. ಆ ವಾಸನೆಗೆ ಆತ್ಯಾ ಅಡಿಗೆಮನೆಯ ಬಾಗಿಲಲ್ಲೇ ನಿಂತರು.

ಕಾಕಾ ಆ ನಿಧಾನದ ತುಣುಕನ್ನು ಹಿಡಿದರು. ಈ ಸಲ ಮೊದಲನೆಯದನ್ನು, ಒಂದು ಸಪ್ತಕ ಕೆಳಗೆ. ಜೋಡಿಯಿಲ್ಲದೆ ಅದು ಅರ್ಧ ಮಾತಿನ ಹಾಗಿತ್ತು. ಆ ಜಾಗ ಬಂದಾಗ ಬಿಲ್ಲು ನಿಲ್ಲಿಸಿದರು.

"ಇಲ್ಲೆ ನಿಂದು ಮ್ಯಾಲ ಹೋಗತಿತ್ತು."

"ಗೊತ್ತು," ಅಂದರು ಆತ್ಯಾ.

"ನನಗ ಗೊತ್ತಿರಲಿಲ್ಲ."

"ಹೋ ಕಾ?"

ನಾನು ತಿಂಗಳಾನುಗಟ್ಟಲೆ ಮೂಗಿನಿಂದ ಆಡಿದ್ದ ಮಾತು ಅದು. ಅದನ್ನು ಹಾಗೆ ಅನ್ನಲು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆತ್ಯಾ ಬಂದು ನನ್ನ ಕೈಯಿಂದ ಪಿಟೀಲು ತೆಗೆದುಕೊಂಡು, "ಎಷ್ಟ ಹೊಲಸ ಇಟ್ಟೀಯೋ ಇದನ್ನ," ಅಂತ ಸೆರಗಿನಿಂದ ಒರೆಸಿ, ಶ್ರುತಿ ಮಾಡಿದರು. ಹಾಳೆ ಕೇಳಲಿಲ್ಲ.

ಇಬ್ಬರೂ ಶುರು ಮಾಡಿದರು. ಆ ಜಾಗ ಬಂತು. ಆತ್ಯಾನ ಬಿಲ್ಲು, ಹಳೇ ರೂಢಿಗೆ, ತಂತಿಯ ಮೇಲೆ ಹಗುರಾಯಿತು. ಏರಬೇಕಾದ ಸ್ವರ ಸಣ್ಣಗಾಯಿತು. ಕಾಕಾ ಬಿಲ್ಲು ಎತ್ತಿಬಿಟ್ಟರು. ನಾಯಿ ಕೂಡ ತಲೆ ಎತ್ತಿತು.

"ಮತ್ತ ತಪ್ಪು ಅಂತೀಯೇನ?" ಆತ್ಯಾನ ಬಿಲ್ಲು ಗಾಳಿಯಲ್ಲಿ ನಿಂತಿತ್ತು.

"ಇಲ್ಲ. ಸಣ್ಣ ಮಾಡಬ್ಯಾಡ," ಅಂದರು ಕಾಕಾ. "ಜೋರ ಬಾರಸು."

ಮತ್ತೆ ಮೊದಲಿನಿಂದ ಬಾರಿಸಿದರು. ಅಲ್ಲಿ ಆತ್ಯಾ ಏರಿದರು… ಏರಿ ನಿಂತರು. ಕಾಕಾ ಕೆಳಗಿನಿಂದ ಆ ಸ್ವರವನ್ನು ಹೊತ್ತುಕೊಂಡ ಹಾಗೆ ಹಿಡಿದಿದ್ದರು. ಮೊದಲನೆಯದು ಕೆಳಗೆ ಹೋದದ್ದರಿಂದ ಬೇರೆ ಎಲ್ಲೆಲ್ಲೋ ಜೋಡಿ ತೂಗಾಡಿತು. ನನಗೂ ಕೇಳಿಸಿತು, ಅವರಿಬ್ಬರಿಗಂತೂ ಕೇಳಿಸಿಯೇ ಇರಬೇಕು. ಯಾರೂ ತಪ್ಪು ಅನ್ನಲಿಲ್ಲ.

ಆಮೇಲೆ ಗುರುವಾರ ಬಂದರೆ ಕಾಕಾ ಮುಧೋಳದ ಬಸ್ಸು ಹಿಡಿಯುತ್ತಿದ್ದರು, ಒಮ್ಮೊಮ್ಮೆ ಪೆಟ್ಟಿಗೆ ಹೊರಲು ನಾನೂ. ಅನುಮಾನವೇನೂ ಕಡಿಮೆಯಾಗಲಿಲ್ಲ. ಹಾಲಿನವನಿಗೆ ಎಮ್ಮೆಯ ಪರೀಕ್ಷೆ ಕೊನೆತನಕ ನಡೆದಿತ್ತು. ಎದೆನೋವು ಬಂದಾಗ ಡಾಕ್ಟರು ಹೇಳಿದ್ದನ್ನೂ ನಂಬಲಿಲ್ಲ. ಆ ಒಂದು ಸಲ ಡಾಕ್ಟರರದೇ ಖರೆ ಆಯಿತು… ಕಾಲಪಿಟೀಲು ಈಗ ಮುಧೋಳದ ಮನೆಯ ಮೂಲೆಯಲ್ಲಿದೆ. ನಾಯಿ ಅದರ ಪಕ್ಕ ಮಲಗುತ್ತದೆ.

ಹೋದ ವಾರ ಬೆಲ್ಟಿನ ಅಂಗಡಿಯವನ ಹತ್ತಿರ ಆ ರಾಳದ ಒಂದು ತುಣುಕು ಕೇಳಿ ತೆಗೆದುಕೊಂಡೆ. ಪಿಟೀಲಿನ ಬಿಲ್ಲಿಗೆ ಅದು ನಡೆಯುವುದಿಲ್ಲ ಅಂತ ಗೊತ್ತು. ಆದರೂ ಕಿಸೆಯಲ್ಲಿಟ್ಟುಕೊಂಡು, ಜಮಖಂಡಿಯ ಬಸ್ಸು ಬಿಟ್ಟು ಮುಧೋಳದ ಬಸ್ಸು ಹತ್ತಿದೆ. ಬಾಗಿಲು ಬಡಿದೆ.

"ಯಾರದು?" ಒಳಗಿನಿಂದ ಆತ್ಯಾ.

"ನಾನರೀ."

"ಖರೆನ?"

ಎರಡನೇ ಸ್ವರ ಇಳಿಯಲಿಲ್ಲ. ಅಣ್ಣನ ಹಾಗೇ.

ಬಾಗಿಲಿಗೆ ಇನ್ನೂ ಹತ್ತಿರ ಬಂದ ದನಿಯಲ್ಲಿ ಅಂದರು. "ದಾದಾನ ದನಿಲೇ ಒಮ್ಮೆ ಕರಿ. ಆಮ್ಯಾಲ ಬಾಗಲಾ ತಗೀತೇನಿ."

ನಾನು ಬಾಯಿ ತೆರೆದೆ. ವೇದಿಕೆಯ ಮೇಲೆ, ಮಾಳಿಗೆಯ ಮೇಲೆ, ತಂತಿಯ ಮೇಲೆ, ಎಷ್ಟು ಸಲ ಮಾಡಿದ್ದ ದನಿ. ಗಂಟಲಿನಲ್ಲಿ ಹುಡುಕಿದೆ. ಸಿಗಲಿಲ್ಲ. ಬಂದದ್ದು ಒಂದು ಒಡಕು, ಸಣ್ಣ ದನಿ, ಊರಲ್ಲಿ ಯಾರದೂ ಅಲ್ಲದ್ದು.

"ಬರವಲ್ದರೀ ಆತ್ಯಾ…"



"ಈ ದನಿ ಯಾರದು?"

"ನಂದ ಇರಬೇಕರೀ."

"ಹೋ ಕಾ?" ಅಂದರು ಆತ್ಯಾ. ಸರಪಳಿ ಬಿಚ್ಚಿದ ಸಪ್ಪಳ ಕೇಳಿತು.